ಯಾೞ್ಮೊೞಿಗೆ ಎರಡು ೞ

ಮಧುರೈ ನಗರದ ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಶ್ರೀಮಾನ್ ಅಳಗುಪಾಂಡಿಯವರು ಸೋದರಮಾವನ ಪರಮಾಧಿಕಾರ ಚಲಾಯಿಸಿ, ಅಕ್ಕನ ನಾಲ್ಕು ತಿಂಗಳ ಮಗಳಿಗೆ ಊರಲ್ಲಿ ಯಾರಿಗೂ ಇಲ್ಲದ ಹೆಸರೊಂದನ್ನು ಹುಡುಕಿದ್ದರು. ಅಕ್ಕನಿಗೆ 'ಹಾಸಿನಿ'ಯ ಮೇಲೆ ಮನಸ್ಸು. ಅವಳು ಬರೆಸುವ ಮೊದಲೇ ತಮ್ಮದನ್ನು ಸರ್ಕಾರದ ಪುಸ್ತಕಕ್ಕೆ ಏರಿಸಿಬಿಡಬೇಕೆಂದು, ಇಸ್ತ್ರಿ ಪಂಚೆ ಉಟ್ಟು ವಾರ್ಡ್ ಆಫೀಸಿಗೆ ದಯಮಾಡಿಸಿದರು.

ಜನನ-ಮರಣ ಕೌಂಟರಿನ ಹುಡುಗಿ ತಲೆ ಎತ್ತಲಿಲ್ಲ. "ಮಗು ಹೆಸರು?"

"ಯಾಳ್ಮೊಳಿ."

ಈಗ ಎತ್ತಿದಳು. ಕನ್ನಡಕದ ಮೇಲಿಂದ ಎರಡು ಕಣ್ಣು ಅವರನ್ನು ಪಂಚೆಯ ಅಂಚಿನಿಂದ ಮೀಸೆಯವರೆಗೆ ಓದಿದವು. "ಏನಂದ್ರಿ?"

"ಯಾಳ್ಮೊಳಿ, ಮೇಡಂ. ವೀಣೆಯಂಥ ಮಾತಿನವಳು ಅಂತ. ಬೀದೀಲಿ ನಿಂತು 'ಹಾಸಿನೀ' ಅಂತ ಕೂಗಿ ನೋಡಿ, ಆರು ಮಕ್ಕಳು ಓಡಿ ಬರ್ತವೆ. ನಮ್ದು ಕೂಗಿದ್ರೆ ನಮ್ದೊಂದೇ ಬರ್ಬೇಕು."

"ನಾನೂ ಬರ್ತೀನಿ." ಕೊರಳಿನ ಗುರುತುಚೀಟಿ ತಿರುಗಿಸಿ ತೋರಿಸಿದಳು. ಯಾೞ್ಮೊೞಿ, ಕಿರಿಯ ಸಹಾಯಕಿ. "ಆದ್ರೆ ನೀವು ಕೂಗಿದ ಹಾಗೆ ಕೂಗಿದ್ರೆ ತಿರುಗೂ ನೋಡಲ್ಲ."

ನಾವು ಹಳಗನ್ನಡದಲ್ಲೇ ಬಿಟ್ಟು ಬಂದ ೞ, ತಮಿಳರ ಮನೆಯಲ್ಲಿ ಇನ್ನೂ ಹಿರಿಯಜ್ಜನಂತೆ ಕೂತಿದೆ. ಮಧುರೈಯ ನಾಲಿಗೆಗೆ ಮಾತ್ರ ಅಜ್ಜನಿಗೆ ಅಡ್ಡಬೀಳಲು ಸೋಮಾರಿತನ. ಳ ಅಂದುಬಿಟ್ಟು ಮುಂದೆ ಹೋಗುತ್ತದೆ.

"ನೆಟ್ಟಗೆ ಹೇಳಿ, ಆಮೇಲೆ ನೋಡೋಣ," ಅಂದಳು.

"ಇದೇನು ಸರ್ಕಾರಿ ರೂಲ್ಸಾ?"

"ನನ್ನ ಹೆಸರು, ನನ್ನ ರೂಲ್ಸು. ನಾಲಿಗೆ ಹಿಂದಕ್ಕೆ ಮಡಚಿ. ಎಲ್ಲೂ ತಾಗಿಸ್ಬೇಡಿ."

ಮಡಚಿದರು. ಎಂಜಲು ನುಂಗಿದರು. "ಯಾರ್ಮೊರಿ."

"ಯಾರ ಮರೀನೂ ಅಲ್ಲ ರೀ ನಾನು. ನಾಳೆ ಬನ್ನಿ."

ಶ್ರೀಮಾನ್ ಅಳಗುಪಾಂಡಿಯವರ ಬಹುವಚನ ಅಲ್ಲಿಗೆ ಇಳಿಯಿತು. ಮರುದಿನ ಬಂದವನು ಬರೀ ಅಳಗುಪಾಂಡಿ.

"ಯಾಯ್ಮೊಯಿ."

"ಮುಯ್ಯಿ ಮದುವೇಲಿ ಹಾಕಿ. ನಾಳೆ ಬನ್ನಿ."

ಕಲ್ಯಾಣಮಂಟಪವೊಂದರಲ್ಲಿ ಮೈಕ್ ಟೆಸ್ಟ್ ಮಾಡುವಾಗಲೂ ಅವನ ಬಾಯಲ್ಲಿ 'ಹಲೋ' ಬದಲು ಅದೇ ಹೆಸರು. ಮದುಮಗಳ ಅಪ್ಪ ಮದುಮಗನ ಹತ್ತಿರ ಹೋಗಿ, "ಯಾರಪ್ಪಾ ಆಕೆ?" ಅಂದರು.

ಐದನೆಯ ದಿನ ಅವಳೇ ಕೇಳಿದಳು. "ನಿಮ್ಮ ಹೆಸರೇನು?"

"ಅಳಗುಪಾಂಡಿ."

ಅವಳು ನಕ್ಕಳು. ಅಂಗೈ ಬಾಯಿ ಮುಚ್ಚಿತು, ಕಣ್ಣು ಮುಚ್ಚಲಿಲ್ಲ. "ಅಯ್ಯೋ! ಸ್ವಂತ ಹೆಸರನ್ನೂ ಇಷ್ಟು ವರ್ಷ ತಪ್ಪೇ ಹೇಳ್ಕೊಂಡು ಬಂದ್ರಾ? ಅದು ಅೞಗು. ಚೆಲುವು ಅಂತ ಅರ್ಥ."

ಅೞಗು. ಆ ಅಕ್ಷರ ಅವಳ ನಾಲಿಗೆಯಿಂದ ಬಾಳೆಎಲೆಯ ಮೇಲಿನ ನೀರ ಹನಿಯಂತೆ ಜಾರಿ ಬಂತು. ಅವನಿಗೆ ಅವತ್ತೇ ನಾಮಕರಣವಾದಂತಾಯಿತು.

"ಇನ್ನೊಂದ್ಸಲ ಹೇಳಿ ಮೇಡಂ."

"ಹಿಂದೆ ಜನ ನಿಂತಿದಾರೆ," ಅಂದಳು. ಆಮೇಲೆ ರಿಜಿಸ್ಟರ್ ನೋಡುತ್ತ, ಮೆಲ್ಲಗೆ, "ಅೞಗು."

ಹಿಂದೆ ಯಾರೂ ಇರಲಿಲ್ಲ.

ಹನ್ನೊಂದನೆಯ ದಿನ ಅವನು ಕೌಂಟರಿನ ಕಿಂಡಿಗೆ ಬಾಗಿ, ಕಣ್ಣು ಮುಚ್ಚಿ, ಯಾವ ಮೈಕೂ ಹಿಡಿಯಲಾರದಷ್ಟು ಸಣ್ಣಗೆ ಹೇಳಿದ.

"ಯಾೞ್ಮೊೞಿ."

ಪೆನ್ನು ನಿಂತಿತು. ಹೆಸರಿಟ್ಟ ಅಪ್ಪನೇ ಅವಳನ್ನು 'ಯಾಳು' ಅನ್ನುತ್ತಿದ್ದರು. ಅವಳ ಕಿವಿ ಕೆಂಪಾಯಿತು.

"ನಾಲಿಗೆ ನಿಮ್ಮ ಹೆಸರಿಗೇ ಮಡಚ್ಕೊಂಡುಬಿಟ್ಟಿದೆ," ಅಂದ ಅವನು. "ಇನ್ನು ಬೇರೆ ಯಾರ ಹೆಸರಿಗೂ ಬಿಚ್ಕೊಳ್ಳಲ್ಲ. ಅದಕ್ಕೇನು ಹೇಳ್ತೀರೋ ಯೋಚನೆ ಮಾಡಿ. ಮೊದ್ಲು ಮಗೂದು ಬರ್ಕೊಳ್ಳಿ."

"ಮೊದಲನೇದಕ್ಕೆ ಯೋಚನೆ ಬೇಕಿಲ್ಲ," ಅಂದಳು, ಪೆನ್ನಿನ ಮುಚ್ಚಳಕ್ಕೆ. "ಹೂಂ ಅಂತಲೇ. ಮಗೂದು ಮಾತ್ರ ಬರ್ಯಕ್ಕಾಗಲ್ಲ."

"ಯಾಕೆ? ನೆಟ್ಟಗೆ ಹೇಳಿದ್ನಲ್ಲ!"

"ಅರ್ಜಿಗೆ ಅಪ್ಪನೋ ಅಮ್ಮನೋ ಸಹಿ ಹಾಕ್ಬೇಕು. ಸೋದರಮಾವನ ಸಹಿ ನಡೆಯಲ್ಲ."

ಅವನು ಕಿಂಡಿಯ ಕಂಬಿ ಹಿಡಿದುಕೊಂಡ. "ಅಕ್ಕ ಬಂದ್ರೆ ಹಾಸಿನಿ ಅಂತಾನೇ ಬರೆಸ್ತಾಳೆ! ಈ ರೂಲ್ಸು ನಿಮಗೆ ಯಾವಾಗ ಗೊತ್ತಾಯ್ತು?"

"ಕೆಲಸಕ್ಕೆ ಸೇರಿದ ದಿನ."

"ಮತ್ತೆ ಮೊದಲ ದಿನವೇ ಹೇಳೋದಲ್ವಾ?"

"ಹೇಳಿದ್ರೆ ಎರಡನೇ ದಿನ ನಿಮ್ಮಕ್ಕ ಬರ್ತಿದ್ರು."