ನಾಲ್ಕನೇ ಸಿಲಿಂಡರಿನ ನಾಜಲ್

ಹಡಗಿನ ಎಂಜಿನ್ನಿನಲ್ಲಿ ಯಾವ ಬಿಡಿಭಾಗ ಬದಲಿಸಿದರೂ ಹೊಗೆ ಮಿತಿ ಮೀರದಂತೆ ನೋಡುವ ಸರ್ಕಾರಿ ತಪಾಸಣೆಗೆಂದು ಅದರ ನಂಬರನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಬರೆಯುವವನು ನಾನು. ಆ ಸಲ ನಾಲ್ಕನೇ ಸಿಲಿಂಡರಿಗೆ ಎಣ್ಣೆ ಚಿಮ್ಮಿಸುವ ನಾಜಲ್ ಬದಲಿಸುವ ಗಡುವು ಮುಗಿದಿತ್ತು, ಹಾಕಲು ಹೊಸದು ಹಡಗಿನಲ್ಲಿ ಇರಲೇ ಇಲ್ಲ. ಆದರೂ ಬದಲಿಸಿದ್ದಾಗಿದೆ ಎಂದು ಬರೆದು, ತೋಚಿದ ನಂಬರೊಂದನ್ನು ಹಾಕಿದೆ. ಹಿಂದಿನ ತಾರೀಕು ಹಾಕಿ, ಕೆಲಸ ಮಾಡಿದವರ ಜಾಗದಲ್ಲಿ ಎಂಜಿನ್ ರಿಪೇರಿ ನೋಡಿಕೊಳ್ಳುತ್ತಿದ್ದ, ನಾವೆಲ್ಲ ಫಿಟ್ಟರ್ ಮಾವ ಎನ್ನುತ್ತಿದ್ದ ಹಿರಿಯರ ಹೆಸರು ಬರೆದೆ. ಅವರು ತೀರಿಕೊಂಡು ಹತ್ತು ದಿನವಾಗಿತ್ತು. ಸತ್ತವರು ಬಂದು ಅಲ್ಲಗಳೆಯುವುದಿಲ್ಲವಲ್ಲ.

ಬಂದರಿನಲ್ಲಿ ಎಂಜಿನ್ ನಿಂತ ನಾಲ್ಕನೇ ದಿನ ಬೆಳಿಗ್ಗೆ ತಪಾಸಣೆಯವರು ಬಂದರು. ಪುಸ್ತಕ ತಿರುವಿ, "ನಾಲ್ಕನೇದು ಬಿಚ್ಚಿ, ನೋಡೋಣ," ಎಂದರು.

ಬೇರೆ ದಾರಿಯಿರಲಿಲ್ಲ, ಸ್ಪ್ಯಾನರ್ ತಂದೆ. ಬಿಚ್ಚಿದರೆ, ಒಳಗೆ ಹೊಚ್ಚಹೊಸ ನಾಜಲ್. ಅದರ ಮೇಲೆ ನಾನು ಸುಳ್ಳಾಗಿ ಬರೆದ ನಂಬರೇ ಕೊರೆದಿತ್ತು.

"ಸರಿಯಾಗಿದೆ. ತೆಗೆದ ಹಳೇದೆಲ್ಲಿ?"

"ಫಿಟ್ಟರ್ ಮಾವನ ಪೆಟ್ಟಿಗೆಲಿರ್ಬೇಕು ಸರ್," ಎಂದು ಬಾಯಿಗೆ ಬಂದದ್ದು ಹೇಳಿದೆ.

ಅವರು ತೀರಿಕೊಂಡ ದಿನವೇ, ಮನೆಯವರಿಗೆ ಕಳಿಸಲೆಂದು ಆ ಪೆಟ್ಟಿಗೆಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದ್ದವನು ನಾನೇ. ಮುದ್ರೆ ಹಾಗೆಯೇ ಇತ್ತು. ಒಡೆದು ತೆರೆದೆ. ಮಡಿಸಿಟ್ಟ ಅಂಗಿಗಳ ಮೇಲೆ ಹಳೆಯ ನಾಜಲ್ ಇತ್ತು. ಕೈಯಲ್ಲಿ ಹಿಡಿದವನು ಚೀರಿ ಬಿಟ್ಟುಬಿಟ್ಟೆ.

ಅಂಗೈಯ ಸುಟ್ಟ ಕಲೆ ಈಗಲೂ ಇದೆ.