ಮೂರನೇ ಕಂಪ್ಯೂಟರಿನ ತಂಗೆವ್ವ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಮಧುಮತಿ ಸೈಬರ್ ಕೆಫೆಯ ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಳು.

ಮೂರನೇ ಕಂಪ್ಯೂಟರಿನ ಮುಂದೆ ಯಾರೋ ಕುಳಿತಿದ್ದರು... ಕತ್ತಲಲ್ಲಿ ಬೆನ್ನಷ್ಟೇ ಕಾಣುತ್ತಿತ್ತು. ಪರದೆಯ ಮೇಲೆ ಪದಬಂಧದ ಹಳದಿ ಚೌಕಗಳು. ಕೊನೆಯ ಚೌಕ ತುಂಬಿತು. ಗೆದ್ದವರ ಪಟ್ಟಿಯಲ್ಲಿ ಮೊದಲ ಹೆಸರು ಮೂಡಿತು.

ತಂಗೆವ್ವ. ಬೆಳಿಗ್ಗೆ 6:11. ಸತತ 302ನೇ ದಿನ.

ಮಧುಮತಿಯ ಕೈಯಿಂದ ಊಟದ ಡಬ್ಬಿ ಜಾರಿ ಬಿತ್ತು. ಸದ್ದಿಗೆ ಆ ಆಕೃತಿ ನಿಧಾನಕ್ಕೆ ತಿರುಗಿತು.

ಅಯ್ಯೋ! ಅದೇ ಕಣ್ಣು... ಎಡಹುಬ್ಬನ್ನು ಸೀಳಿದ ಅದೇ ಸಣ್ಣ ಗೆರೆ... ತಂಗೆವ್ವನ ಮುಖವನ್ನೇ ಗಂಡಸಿಗೆ ಅಂಟಿಸಿದಂತೆ!

ತಂಗೆವ್ವ ಸತ್ತು ಮೂರು ತಿಂಗಳಾಗಿತ್ತು.

"ಯಾರ್ರಿ ನೀವು?" ಎಂದಳು ಮಧುಮತಿ.

"ಅದನ್ನ ನಾ ಕೇಳಬೇಕ್ರಿ," ಎಂದ ಅವನು. "ನನ್ನ ಅಕ್ಕನ ಹೆಸರು ನೋಡಿ ನೀವ್ಯಾಕ ಬೆಚ್ಚಿದ್ರಿ?"

ಅವನು ಚನ್ನವೀರ, ತಂಗೆವ್ವನ ತಮ್ಮ. ಬಿಟಿಎಂ ಬಡಾವಣೆಯ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ.

ಅದು ಎರಡು ಸಾವಿರದ ಆರನೇ ಇಸವಿ. ಸುದ್ದಗುಂಟೆಪಾಳ್ಯದ ಗುರುಬಸಪ್ಪನವರ ಕೆಫೆ ಬೆಳಿಗ್ಗೆ ಆರಕ್ಕೇ ತೆರೆಯುತ್ತಿತ್ತು. 'ದಿನಪದ' ಎಂಬ ಜಾಲತಾಣದಲ್ಲಿ ದಿನಕ್ಕೊಂದು ಪದಬಂಧ ಬರುತ್ತಿತ್ತು; ಗುಪ್ತಪದ ಬೇಡ, ಹೆಸರು ಬರೆದರೆ ಸಾಕಿತ್ತು. ಬಿಡಿಸಿದವರ ಹೆಸರು, ಗಳಿಗೆ, ಎಷ್ಟು ದಿನ ತಪ್ಪದೆ ಆಡಿದ್ದಾರೆ ಎಂಬ ಎಣಿಕೆ, ಎಲ್ಲ ಅಲ್ಲಿ ದಾಖಲಾಗುತ್ತಿತ್ತು. ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಮೊದಲು ತಂಗೆವ್ವ ಮೂರನೇ ಕಂಪ್ಯೂಟರಿನಲ್ಲಿ, ಮಧುಮತಿ ನಾಲ್ಕನೆಯದರಲ್ಲಿ ಕುಳಿತು ಆಡುತ್ತಿದ್ದರು. ಅವಳು ಸತ್ತ ಮೇಲೆ ಮಧುಮತಿ ಇತ್ತ ಸುಳಿದಿರಲಿಲ್ಲ. ತಡೆಯಲಾರದೆ ನಿನ್ನೆ ಬಂದು ಪಟ್ಟಿ ತೆರೆದರೆ, ಸತ್ತವಳು ಆಡುತ್ತಲೇ ಇದ್ದಾಳೆ!

"ಆಕಿ ಹೋದ ಮರುದಿನ ಆಸ್ಪತ್ರ್ಯಾಗ ಹೆಣ ಸಂಜೀಕ ಕೊಡ್ತೀವಿ ಅಂದ್ರು," ಎಂದ ಚನ್ನವೀರ. "ಎಲ್ಲಿ ಹೋಗ್ಲಿ? ಇಲ್ಲಿ ಬಂದು ಕುಂತೆ. ಈ ಕಂಪ್ಯೂಟರ್ ಆಕಿ ಹೆಸರು ನೆನಪಿಟ್ಟಿತ್ತು. ಎಣಿಕಿ ತಪ್ಪಬಾರದು ಅನ್ನಿಸ್ತು. ಮಣ್ಣು ಮಾಡಿದ ದಿನಾನೂ ನಮ್ಮೂರು ರೋಣದಾಗ ಸೈಬರ್ ಹುಡುಕ್ಕೊಂಡು ಆಡೀನ್ರಿ. ನೀವು ಅಕ್ಕನ ಗೆಳತೇನು?"

"ಹೂಂ... ಒಂದ ಬಸ್ಸಿನವರು."

ಅರ್ಧ ನಿಜ. ಉಳಿದರ್ಧ ಅವಳ ನಾಲಿಗೆಯ ಕೆಳಗೆ ಬ್ಲೇಡಿನಂತೆ ಕುಳಿತಿತ್ತು.

ಮರುದಿನವೂ ಅವಳು ಬಂದಳು. ಅದರ ಮರುದಿನವೂ. ಯಾಕೆ ಬರುತ್ತಿದ್ದೇನೆ? ಅವಳಿಗೇ ತಿಳಿಯದು.

"ಮನುಷ್ಯನ ಹಂಗ ನಿಂತು ಕಾಯ್ತಾನ, ಮನುಷ್ಯ ಅಲ್ಲ. ಐದಕ್ಷರ," ಎಂದು ಅವನು ಒಂದು ದಿನ ಓದಿದ. "ನಮ್ಮ ಮ್ಯಾನೇಜರ್!"

"ಬೆದರುಬೊಂಬೆರೀ!" ಮಧುಮತಿ ನಕ್ಕುಬಿಟ್ಟಳು. ಮೂರು ತಿಂಗಳಲ್ಲಿ ಮೊದಲ ನಗು ಅದು.

"ಅದನ್ನ ನಾನೂ ಹೇಳಿದ್ದು," ಎಂದು ಅವನು ಟೈಪಿಸಿದ.

ಗುರುಬಸಪ್ಪ ಕೌಂಟರಿನಿಂದ ಕೆಮ್ಮಿದರು. "ಏನಮ್ಮಾ, ಇಬ್ರಿಗೂ ಒಂದೇ ಸಿಸ್ಟಮ್ ಸಾಕಾ? ನಾಲ್ಕನೇದು ಬೇಜಾರು ಮಾಡ್ಕೊಂಡಿದೆ ನೋಡು!"

ಮಧುಮತಿಯ ಕೆನ್ನೆ ಬಿಸಿಯಾಯಿತು. ಅವನ ತೋಳು ತಾಗಿದಾಗ ಎದೆ ಝಲ್ಲೆನ್ನುತ್ತಿತ್ತು. ಆದರೆ ಪರದೆಯ ಕಪ್ಪಿನಲ್ಲಿ ತಮ್ಮಿಬ್ಬರ ನೆರಳು ಕಂಡಾಗಲೆಲ್ಲ, ನಡುವೆ ಮೂರನೆಯದೊಂದು ತಲೆ ಬಾಗಿ ನೋಡುತ್ತಿದೆ ಎನ್ನಿಸಿ ಅವಳು ಹಿಂತಿರುಗಿ ನೋಡುತ್ತಿದ್ದಳು... ಯಾರೂ ಇರುತ್ತಿರಲಿಲ್ಲ.

ಹದಿನಾರನೇ ದಿನ ಚನ್ನವೀರ ಹಳೆಯ ಪಟ್ಟಿಯೊಂದನ್ನು ತೆರೆದ.

"ಇದು ಅಕ್ಕ ಸತ್ತ ದಿನದ್ದು. ಐದೂವರಿಗೆ ಕಾರ್ಡ್ ಪಂಚ್ ಮಾಡಿ ಹೊರಗ ಹೋದ್ಲು, ಐದೂ ಐವತ್ತಕ್ಕ ರಸ್ತ್ಯಾಗ ಬಿದ್ದು ಸತ್ಲು ಅಂತಾರ ಕಂಪನಿಯವರು. ಇಲ್ಲಿ ನೋಡ್ರಿ."

ತಂಗೆವ್ವ. ಸಂಜೆ 6:08. ಸತತ 212ನೇ ದಿನ.

"ಸತ್ತು ಹದಿನೆಂಟು ನಿಮಿಷದ ಮ್ಯಾಲ ಆಡಿದವರು ಯಾರ್ರಿ?" ಎಂದ ಅವನು. "ಆಕಿ ದೆವ್ವ ಆಗಿರಬೇಕು. ಇಲ್ಲಾ, ಆಕಿ ಹೆಸರು ಗೊತ್ತಿರೋ ಯಾರೋ ಸುಳ್ಳು ಹೇಳ್ಯಾರ. ಅದಕ್ಕ ದಿನಾ ಆಡ್ತೀನಿ. ಈ ಹೆಸರು ನೋಡಿ ಬೆಚ್ಚಿಬೀಳೋ ಮಂದಿ ಒಂದಲ್ಲ ಒಂದು ದಿನ ಈ ಬಾಗಲದಾಗ ಬಂದು ನಿಂದರ್ತಾರ ಅಂತ..."

ಡಬ್ಬಿ ಬಿದ್ದ ಸದ್ದು ಮಧುಮತಿಯ ಕಿವಿಯಲ್ಲಿ ಮತ್ತೆ ಮೊಳಗಿತು.

"ನೀವೂ ಬೆಚ್ಚಿದ್ರಿ," ಎಂದ ಅವನು ಮೆತ್ತಗೆ. "ಖರೇ ಹೇಳ್ತೀನಿ, ಮೊದಲ ದಿನ ಅನುಮಾನ ಬಂತು. ಈಗಿಲ್ಲ. ಮಧುಮತಿ, ನಂಗ ಈ ಊರಾಗ ನಂಬಾಕ ನೀವೊಬ್ರ ಇರೋದು."

ಬೈದಿದ್ದರೆ ಸಹಿಸುತ್ತಿದ್ದಳು. ಈ ನಂಬಿಕೆಯನ್ನು ಹೇಗೆ ಸಹಿಸುವುದು? ಮಧುಮತಿ ಎದ್ದು ಓಡಿದಳು.

ಅವಳು ಅದೇ ಗಾರ್ಮೆಂಟ್ಸಿನ ಟೈಮ್ ಕೀಪರ್. ಅಲ್ಲಿನ ಪದ್ಧತಿ ಹೊರಗಿನವರಿಗೆ ತಿಳಿಯದು. ಸಂಜೆ ಐದೂವರೆಗೆ ಅವಳು ನೂರಾ ನಲವತ್ತು ಕಾರ್ಡುಗಳನ್ನೂ ತಾನೇ ಒಂದೊಂದಾಗಿ ಪಂಚ್ ಮಾಡಬೇಕು. ಕಾಗದದ ಪ್ರಕಾರ ಎಲ್ಲರೂ ಮನೆಗೆ ಹೋದರು. ಆಮೇಲೆ ಗೇಟಿಗೆ ಬೀಗ. ಒಳಗೆ ಅದೇ ನೂರಾ ನಲವತ್ತು ಹೆಂಗಸರು ರಾತ್ರಿಯವರೆಗೆ ಹೊಲಿಯುತ್ತಲೇ ಇರುತ್ತಾರೆ. ಬೆವರುವ, ಕೆಮ್ಮುವ, ಮಗುವಿಗೆ ಹಾಲೂಡಿಸುವ ಹೊತ್ತು ಮೀರಿತೆಂದು ಕಣ್ಣೀರಿಡುವ ಹೆಂಗಸರನ್ನು ದಿನಾ ಸಂಜೆ ದೆವ್ವ ಮಾಡುವ ಕಾರ್ಖಾನೆ ಅದು! ಅವರು ಹೊಲಿದ ಅಂಗಿ ತೊಟ್ಟವರಿಗೆ ಅದರ ಮೈಬಿಸಿ ತಾಗುವುದಿಲ್ಲವೇ?

ಸತ್ತ ದಿನ ತಂಗೆವ್ವನಿಗೆ ಬೆಳಿಗ್ಗೆ ಆಡಲು ಆಗಿರಲಿಲ್ಲ. ಸಂಜೆ ಚಹಾದ ಹೊತ್ತಿಗೆ ಆಫೀಸಿನ ಕಿಟಕಿಗೆ ಬಂದು, "ಎವ್ವಾ, ಎಣಿಕಿ ತಪ್ತದವಾ, ತಗೀ ಜಲ್ದಿ," ಎಂದಳು. ಮಧುಮತಿ ಆಫೀಸಿನ ಕಂಪ್ಯೂಟರಿನಲ್ಲೇ ತೆರೆದುಕೊಟ್ಟಳು. ಕೊನೆಯ ಸುಳಿವು, 'ಸೂಜಿಯ ಜೊತೆಗಾರ, ಎರಡಕ್ಷರ.'

"ದಾರ! ಇದನ್ನ ನನಗ ಕೇಳಬೇಕೇನ?" ತಂಗೆವ್ವ ನಕ್ಕಳು. ಆಗ 6:08.

ಆರೂ ಇಪ್ಪತ್ತಕ್ಕೆ ಎದೆ ಹಿಡಿದುಕೊಂಡು ಮಷಿನ್ ಮೇಲೆ ಒರಗಿದಳು. ಹೆಂಗಸರು ಕಿರುಚಿದರು. ಗೇಟು ತೆರೆಯಲಿಲ್ಲ. 'ಕಾರ್ಡ್ ಪ್ರಕಾರ ಒಳಗೆ ಯಾರೂ ಇಲ್ಲ' ಎಂದ ಮ್ಯಾನೇಜರು ಉಸಿರು ನಿಂತ ಮೇಲೆ ಅವಳನ್ನು ರಸ್ತೆಗೆ ಹೊರಿಸಿದ. ಕೆಲಸ ಹೋಗುವ ಭಯಕ್ಕೆ ಮಧುಮತಿ ತುಟಿ ಬಿಗಿದಳು.

ಕೆಫೆಯಿಂದ ಓಡಿಬಂದ ಆ ದಿನವೇ ಸಂಜೆ ಐದೂವರೆಗೆ ಮತ್ತೆ ಕಾರ್ಡುಗಳು ಕೈಗೆ ಬಂದವು. ಎಂಬತ್ತೇಳನೆಯದು ತಂಗೆವ್ವನ ನಂಬರು, ಈಗ ಹೊಸ ಹುಡುಗಿಯೊಬ್ಬಳದು. ಗಾಜಿನಾಚೆ ಸಾಲು ಸಾಲು ಬಾಗಿದ ತಲೆಗಳು. ಒಂದು ತಲೆ ಎದ್ದು ಅವಳನ್ನೇ ನೋಡಿದಂತಾಯಿತು... ಹುಬ್ಬಿನಲ್ಲಿ ಗೆರೆ!

"ಏನಮ್ಮಾ, ಪಂಚ್ ಮಾಡ್ತಿಲ್ವಾ? ಟೈಮ್ ಆಯ್ತು!" ಮ್ಯಾನೇಜರು ಗದರಿದ.

"ಒಳಗೆ ಜನ ಇದ್ದಾರೆ ಸಾರ್."

"ಕಾರ್ಡ್ ಪ್ರಕಾರ ಇರಲ್ಲ."

"ಕಾರ್ಡ್ ಸುಳ್ಳು ಸಾರ್! ಸುಳ್ಳು ಮಾಡಿದವಳು ನಾನೇ!"

ಕಾರ್ಡುಗಳನ್ನು ಮೇಜಿನ ಮೇಲೆ ಚೆಲ್ಲಿ, ಕಪಾಟಿನಲ್ಲಿದ್ದ ತಂಗೆವ್ವನ ಹಳೆಯ ಕಾರ್ಡನ್ನು ಸೆರಗಿಗೆ ಸಿಕ್ಕಿಸಿಕೊಂಡು ಅವಳು ಹೊರನಡೆದಳು.

ಮರುದಿನ ಬೆಳಿಗ್ಗೆ ಮೂರನೇ ಕಂಪ್ಯೂಟರಿನ ಬಳಿ ನಿಂತು ಎಲ್ಲವನ್ನೂ ಹೇಳಿದಳು. ಒಂದು ಮಾತನ್ನೂ ಬಚ್ಚಿಡಲಿಲ್ಲ; ಇಂದೇ ಕಾರ್ಮಿಕ ಇಲಾಖೆಗೆ ಹೋಗಿ ದೂರು ಕೊಡುತ್ತೇನೆ ಎಂದಳು.

ಚನ್ನವೀರ ಕೇಳಿದ. ಕಾರ್ಡು ತೆಗೆದುಕೊಂಡು ನೋಡಿದ. ವಾಪಸು ಕೊಟ್ಟು, ಆ ದಿನದ ಪದಬಂಧವನ್ನೂ ಮುಟ್ಟದೆ ಎದ್ದು ಹೋದ.

'ಮುಗೀತು...' ಎಂದುಕೊಂಡಳು ಮಧುಮತಿ. ಆದರೂ ಅವಳ ಕಾಲು ನಿಲ್ಲಲಿಲ್ಲ. ಬಸ್ಸು ಹಿಡಿದು ಕಾರ್ಮಿಕ ಇಲಾಖೆಗೆ ಹೋಗಿ ಬೆಂಚಿನ ಮೇಲೆ ಕುಳಿತಳು. 'ಅವನಿಗಾಗಿ ಅಲ್ಲ. ಆ ನೂರಾ ನಲವತ್ತು ಮಂದಿಗಾಗಿ. ನನಗಾಗಿ.'

ಹೆಸರು ಕೂಗಿದಾಗ ಅವಳು ಎದ್ದಳು. ಪಕ್ಕದಲ್ಲಿ ಇನ್ನೊಬ್ಬರೂ ಎದ್ದರು.

ಚನ್ನವೀರ! ಅವನ ಕೈಯಲ್ಲಿ ಗುರುಬಸಪ್ಪನವರು ಮುದ್ರಿಸಿಕೊಟ್ಟ ಪಟ್ಟಿ. ಸಂಜೆ 6:08.

"ಕಾರ್ಡ್ ಒಂದ ಇದ್ರ ಅದ ಖರೇ ಅಂತಾರ," ಎಂದ ಅವನು, ಅವಳ ಮುಖ ನೋಡದೆ. "ಎರಡೂ ಜೋಡಿ ಇಡೂಣು."

ಅಧಿಕಾರಿ ಐದೂವರೆಯ ಕಾರ್ಡನ್ನೂ 6:08ರ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಮಧುಮತಿಯ ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಿದರು. ಸತ್ತ ಸ್ಥಳ ಎಂಬಲ್ಲಿ ಅವಳೇ ಹೇಳಿ ಬರೆಸಿದಳು. ಕಾರ್ಖಾನೆಯ ಒಳಗೆ.

ಸಂಜೆ ಇಬ್ಬರೂ ಕೆಫೆಗೆ ಮರಳಿದರು. ಆ ದಿನದ ಚೌಕಗಳು ಇನ್ನೂ ಖಾಲಿ.

"ಇನ್ನೂ ಹೊತ್ತೈತಿ," ಎಂದಳು ಮಧುಮತಿ. "ಎಣಿಕಿ ಉಳಸ್ಕೋಬಹುದು."

ಅವನು ತಲೆಯಾಡಿಸಿದ. "ಬ್ಯಾಡ. ಇಷ್ಟು ದಿನ ನಾನೂ ಆಕಿನ್ನ ಒಳಗ ಕೂಡಿ ಹಾಕಿದ್ದೆ. ಅಕ್ಕನ್ನ ಇನ್ನ ಮನೀಗಿ ಕಳಸೂಣು. ನೀವ ಪಂಚ್ ಮಾಡ್ರಿ. ಈ ಸಲ ಖರೇ ಖರೇ."

ಮಧುಮತಿ 'ಹೊರಗೆ ಹೋಗಿ' ಎಂಬ ಗುಂಡಿ ಒತ್ತಿದಳು. ತಂಗೆವ್ವನ ಹೆಸರು ಅಳಿಸಿಹೋಯಿತು. ಯಾರೂ ಮುಟ್ಟದ ಗಾಜಿನ ಬಾಗಿಲು ಸುಮ್ಮನೆ ಒಮ್ಮೆ ತೆರೆದು, ಮುಚ್ಚಿಕೊಂಡಿತು.

"ಗಾಳಿ ಕಣಮ್ಮ," ಎಂದರು ಗುರುಬಸಪ್ಪ. ಹೊರಗೆ ಮರದ ಎಲೆಯೂ ಅಲುಗಿರಲಿಲ್ಲ.

"ನನ್ನ ಕ್ಷಮಿಸಿದ್ರೇನು?" ಅವಳು ಪಿಸುಗುಟ್ಟಿದಳು.

"ಅಕ್ಕ ರಸ್ತ್ಯಾಗ ಒಬ್ಬಾಕೀನ ಬಿದ್ದು ಸತ್ಲು ಅಂತ ಮೂರು ತಿಂಗಳು ಒಳಗೊಳಗ ಬೆಂದೀನಿ," ಎಂದ ಚನ್ನವೀರ. "ಸಾಯೂಕಿಂತ ಹನ್ನೆರಡು ನಿಮಿಷ ಮುಂಚೆ ಆಕಿ ನಕ್ಕಿದ್ಲು ಅಂತ ಹೇಳಿದವರು ನೀವು. ಆ ನಗು ನಿಮ್ಮ ಹತ್ರ ಮಾತ್ರ ಐತಿ. ನಿಮ್ಮನ್ನ ಬಿಟ್ಟು ನಾ ಎಲ್ಲಿ ಹೋಗ್ಲಿ?"

ಅವಳ ಕಣ್ಣು ತುಂಬಿ ಬಂತು. ಅವನು ಹೊಸ ಹೆಸರು ಕೇಳುವ ಜಾಗದಲ್ಲಿ ಟೈಪಿಸಿದ. ಮಧುಮತಿ ಚನ್ನವೀರ.

"ಏನ್ರಿ ಇದು! ನನ್ನ ಒಂದು ಮಾತು ಕೇಳದಂಗ..."

"ತಪ್ಪಿದ್ರ ಅಳಿಸ್ರಿ ಮತ್ತ."

ಮಧುಮತಿ ಕಣ್ಣೊರೆಸಿಕೊಂಡು ಅವನ ಪಕ್ಕ ಕುರ್ಚಿ ಎಳೆದು ಕುಳಿತಳು. "ಮೊದಲ ಸುಳಿವು ಓದ್ರಿ. ಎಣಿಕಿ ಇವತ್ತಿಂದ ಒಂದು."