ಮೂವತ್ತನಾಲ್ಕು ಅಡಿಯ ಗಾಡಿಯ ಹಿಂದೆ

ಮೂವತ್ತನಾಲ್ಕು ಅಡಿಯ ಮೋಟರ್‌ಹೋಮ್‌ಗೆ, ಅಂದರೆ ಒಳಗೇ ವಾಸಿಸುವ ಮನೆಯಂಥ ಗಾಡಿಗೆ, ಎಂಬತ್ತೆರಡು ಸಾವಿರ ಡಾಲರ್. ಇಪ್ಪತ್ತೈದು ಅಡಿಯದಕ್ಕೆ ಅರವತ್ತೊಂದು ಸಾವಿರ. ಉದ್ದದ್ದರಲ್ಲಿ ಸೋಫಾ ಇದೆ, ಸ್ನಾನದ ತೊಟ್ಟಿ ಇದೆ. ಆದರೆ ಕಾಡಿನೊಳಗಿನ ಹಳೆಯ ಪಾರ್ಕುಗಳ ಒಳಗೆ ಅದನ್ನು ಬಿಡುವುದಿಲ್ಲ. ದಿನಕ್ಕೆ ಎಪ್ಪತ್ತು ಡಾಲರ್ ತೆತ್ತು ಹೆದ್ದಾರಿಯ ಪಕ್ಕ ನಿಲ್ಲಿಸಬೇಕು. ಗಿಡ್ಡದ್ದರಲ್ಲಿ ತಿರುಗಿದರೆ ಮೊಣಕೈ ಬಡಿಯುತ್ತದೆ. ಆದರೆ ಮೂವತ್ತೈದು ಡಾಲರಿಗೆ ಕಾಡಿನ ನಡುವೆ ನಿದ್ದೆ.

ರೆಡ್ಡಿಂಗ್ ಊರಿನ ಮನೆ ಮಾರಿ, ಇನ್ನು ಗಾಡಿಯಲ್ಲೇ ಬದುಕು ಎಂದು ಹೊರಟಿದ್ದ ಮಾರ್ವಾ ಉದ್ದದ್ದಕ್ಕೆ ಮನಸೋತಿದ್ದಳು. ಮಾರುವವನು ಮುಂಗಡ ಹಿಡಿದುಕೊಂಡು, ಮೂರು ದಿನ ಇದ್ದು ನೋಡಿ ಎಂದು ಅಷ್ಟೇ ಉದ್ದದ ಹಳೆಯದೊಂದನ್ನು ಕೊಟ್ಟಿದ್ದ. ಈ ರೆಡ್‌ವುಡ್ ಮರಗಳ ಪಾರ್ಕಿನಲ್ಲಿ ಗಾಡಿಯ ಉದ್ದದ ಮಿತಿ ಇಪ್ಪತ್ತೇಳು ಅಡಿ. ಬುಕಿಂಗಿನಲ್ಲಿ ಅವಳು ಇಪ್ಪತ್ತೇಳೆಂದೇ ಬರೆದಿದ್ದಳು. ಗಾಡಿಯ ಉದ್ದದ ವಿಷಯದಲ್ಲಿ ಸುಳ್ಳು ಹೇಳದವರು ಈ ರಸ್ತೆಗಳಲ್ಲಿ ಎಷ್ಟು ಮಂದಿ!

ಸಂಜೆ ನಾಲ್ಕಕ್ಕೇ ಸಮುದ್ರದ ಮಂಜು ಮರಗಳ ಬುಡಕ್ಕೆ ಇಳಿದಿತ್ತು. ಕನ್ನಡಿಯಲ್ಲಿ ಏನೂ ಕಾಣದು. ಗಂಡ ಓಡಿಸುವುದು, ಹೆಂಡತಿ ಹಿಂದೆ ನಿಂತು ದಾರಿ ಹೇಳುವುದು ಇಲ್ಲಿನ ಪದ್ಧತಿ. ಮಾರ್ವಾಳಿಗೆ ಹಿಂದೆ ನಿಲ್ಲುವವರು ಯಾರೂ ಇರಲಿಲ್ಲ...

ಆಗ ಗಾಡಿಯ ಜೊತೆಗೇ ಬಂದಿದ್ದ, ಡ್ಯಾಶ್‌ಬೋರ್ಡಿನ ಮೇಲಿನ ಹಳೆಯ ವಾಕಿ-ಟಾಕಿ ಕರಕರ ಎಂದಿತು.

"ಬಾ... ಬಾ... ಚೂರು ಎಡಕ್ಕೆ... ಸಾಕು ಕಣೋ! ಮರಾನೇ ತಬ್ಕೋತೀಯಾ?"

ಯಾರೋ ಪುಣ್ಯಾತ್ಗಿತ್ತಿ! ಮಾರ್ವಾ ಬ್ರೇಕ್ ಒತ್ತಿ ಇಳಿದಳು. ಮರಕ್ಕೂ ಗಾಡಿಗೂ ಒಂದು ಗೇಣು. ಹಿಂದೆ ಯಾರೂ ಇಲ್ಲ.

ಮಂಜಿನಿಂದ ಒಬ್ಬ ಗಂಡಸು ಹೊರಬಂದ. ಕೈಯಲ್ಲಿ ಅಳತೆಯ ಟೇಪು. ಪಾರ್ಕಿನಲ್ಲೇ ವಾಸವಿದ್ದು ಅದನ್ನು ನೋಡಿಕೊಳ್ಳುವ ಹಾಲಿಸ್.

"ಮೇಡಂ, ಇದು ಇಪ್ಪತ್ತೇಳು ಅಡಿನಾ? ನಿಮ್ಮೂರಲ್ಲಿ ಅಡಿ ಉದ್ದ ಜಾಸ್ತಿನಾ?"

"ಬೈಯೋದು ಆಮೇಲೆ. ಮೊದ್ಲು ವಾಕಿ-ಟಾಕಿಲಿ ದಾರಿ ಹೇಳಿದ ನಿಮ್ಮ ಹೆಂಡತಿಗೆ ಥ್ಯಾಂಕ್ಸ್ ಹೇಳಿ. ಮರ ತಬ್ಕೋತೀಯಾ ಅಂತ ಕೂಗದೇ ಇದ್ದಿದ್ರೆ ಗುದ್ದೇ ಬಿಡ್ತಿದ್ದೆ!"

ಟೇಪು ಅವನ ಕೈಯಿಂದ ಜಾರಿತು. ಅವನು ಗಾಡಿಯ ಹಿಂಬದಿಯ ಮೂಲೆಗೆ ಹೋಗಿ, ಅಲ್ಲಿದ್ದ ಹಳೆಯ ಗೀರನ್ನು ಬೆರಳಿನಿಂದ ಸವರಿದ.

"ಇದು... ನಾನು ಮಾರಿದ ಗಾಡಿ. ನನ್ನ ಹೆಂಡತಿ ನೋರೀನ್ ತೀರ್ಕೊಂಡು ನಾಲ್ಕು ವರ್ಷ ಆಯ್ತು."

ಮಾರ್ವಾ ತಿರುಗಿ ಡ್ಯಾಶ್‌ಬೋರ್ಡಿನ ಕಡೆ ನೋಡಿದಳು.

ಅವನು ಅವಳನ್ನು ಹೊರಗೆ ಕಳಿಸಲಿಲ್ಲ. ಮರುದಿನ ಬೆಳಿಗ್ಗೆ ಕಾಫಿಗೆ ಬಂದ, ಸಂಜೆ ಬೀನ್ಸ್ ಸೂಪಿಗೆ ಬಂದ. ಇದೇ ತಿರುವಿನಲ್ಲಿ ಗಾಡಿ ಎರಡು ಮರಗಳ ನಡುವೆ ಸಿಕ್ಕಿಕೊಂಡದ್ದು, ಹಿಂದೆ ನಿಂತು ಇದೇ ವಾಕಿ-ಟಾಕಿಯಲ್ಲಿ ದಾರಿ ಹೇಳುತ್ತಿದ್ದ ನೋರೀನ್ ಎದೆ ಹಿಡಿದು ಕುಸಿದದ್ದು, ಅಡ್ಡ ನಿಂತ ಗಾಡಿಯನ್ನು ದಾಟಿ ಆಂಬುಲೆನ್ಸ್ ಬರಲಾಗದೆ ಹೋದದ್ದು, ಎಲ್ಲವನ್ನೂ ಹೇಳಿದ.

ಹೇಳುವಾಗ ಕಣ್ಣು ಮಾತ್ರ ವಾಕಿ-ಟಾಕಿಯ ಮೇಲೆ. ಅದು ಆಗಾಗ ಉಸಿರಾಡಿದಂತೆ ಸದ್ದು ಮಾಡುತ್ತಿತ್ತು. ಮಾರ್ವಾ ಹಿಂದಿನ ಮುಚ್ಚಳ ತೆಗೆದು ನೋಡಿದಳು.

ಒಳಗೆ ಬ್ಯಾಟರಿಯೇ ಇರಲಿಲ್ಲ!

ಭಯಕ್ಕಿಂತ ದೊಡ್ಡ ನೋವೊಂದು ಅವಳಲ್ಲಿ ಹುಟ್ಟಿತು. 'ಇವನು ಬರೋದು ನನಗಾಗಿಯಾ... ಆ ದನಿಗಾಗಿಯಾ?' ಎರಡೇ ದಿನದಲ್ಲಿ ಅವನ ಹೆಜ್ಜೆಯ ಸದ್ದಿಗೆ ಕಿವಿಗೊಡುವುದನ್ನು ಅವಳು ಕಲಿತುಬಿಟ್ಟಿದ್ದಳು.

ಮೂರನೆಯ ಬೆಳಿಗ್ಗೆ ಅವನು ಕಾಫಿಗೆ ಬಂದಾಗ ಧೈರ್ಯ ಮಾಡಿದಳು. "ಹಾಲಿಸ್, ಇದನ್ನೇ ಕೊಂಡ್ಕೋತೀನಿ. ನೀವು ಯಾವಾಗ ಬೇಕಾದ್ರೂ ಬಂದು... ಕೇಳಿಸ್ಕೋಬಹುದು."

"ಬೇಡ. ವಾಪಸ್ ಕೊಡಿ. ಇಪ್ಪತ್ತೈದು ಅಡಿದು ತಗೊಳ್ಳಿ."

"ಒಬ್ಬಳಿಗೆ ಅಷ್ಟು ಸಾಕು ಅಂತನಾ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ವಾಕಿ-ಟಾಕಿ ಕರಕರ ಎಂದಿತು. ಅವನ ನೋಟ ಅತ್ತ ಹೋಯಿತು. ಮಾರ್ವಾಳಿಗೆ ಅಷ್ಟೇ ಸಾಕಾಯಿತು!

"ಇಳೀರಿ. ನಾನು ಹೊರಟೆ."

ಮಂಜು ಇನ್ನೂ ಕರಗಿರಲಿಲ್ಲ. ಅಷ್ಟುದ್ದದ ಗಾಡಿ ಆ ತಿರುವಿನಲ್ಲಿ ಒಂದೇ ಸಲಕ್ಕೆ ಹೊರಳದು. ಸ್ವಲ್ಪ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬರಬೇಕು. ಅವಳು ಕಣ್ಣೊರೆಸಿಕೊಂಡು ರಿವರ್ಸ್ ಗೇರ್ ಹಾಕಿದಳು.

"ಬಾ..." ಎಂದಿತು ದನಿ. "ಬಾ... ಇನ್ನೂ ಬಾ..."

ಎಡಕ್ಕೆ ಎನ್ನಲಿಲ್ಲ. ಸಾಕು ಎನ್ನಲಿಲ್ಲ. ಇಂಪಾಗಿ, ಲಾಲಿಯಂತೆ... "ಬಾ... ಬಾ ಕಣೋ..."

ಕಾಣದವರ ಮಾತು ನಂಬಿ ಎಷ್ಟು ದೂರ ಹೋಗುವುದು? ಮಾರ್ವಾ ಬ್ರೇಕನ್ನು ಪೂರ್ತಿ ತುಳಿದು ಕೆಳಗೆ ಹಾರಿದಳು.

ಮರಕ್ಕೂ ಗಾಡಿಗೂ ನಡುವೆ ಹಾಲಿಸ್ ನಿಂತಿದ್ದ. ಕಣ್ಣು ತೆರೆದೇ ಇತ್ತು, ನಿದ್ದೆಯಲ್ಲಿರುವವನಂತೆ. ಇನ್ನೊಂದು ಮೊಳ ಬಂದಿದ್ದರೆ...

"ಹಾಲಿಸ್! ಇಲ್ಲಿ ಯಾಕೆ ನಿಂತ್ರಿ? ಸಾಯ್ಬೇಕಾ ನಿಮಗೆ!"

ಅವನು ಬೆಚ್ಚಿ ಅವಳನ್ನು ನೋಡಿದ.

"ಅವಳು ಕರೆದಿದ್ದು ಗಾಡಿನಲ್ಲ, ಮಾರ್ವಾ. ನನ್ನನ್ನ."

ದನಿ ಮತ್ತೆ ಕೇಳಿತು, ಈಗ ಮರದ ಹಿಂದಿನಿಂದಲೇ. "ಬಾ..."

ಹೋಗಬೇಡ ಎನ್ನಲು ಮಾರ್ವಾಳಿಗೆ ಯಾವ ಹಕ್ಕು? ಕೈ ಮಾತ್ರ ಚಾಚಿದಳು.

ಹಾಲಿಸ್ ಮಂಜಿನ ಕಡೆ ತಿರುಗಿದ. "ನೋರೀನ್... ನಾನು ಬರಲ್ಲ ಕಣೇ. ಕ್ಷಮಿಸು. ನಂಗೆ ಇಲ್ಲಿ ಇರಬೇಕು ಅನ್ನಿಸ್ತಿದೆ."

ಕಾಡು ಒಮ್ಮೆ ನಿಟ್ಟುಸಿರಿಟ್ಟಂತಾಯಿತು. ಆಮೇಲೆ ಎಲೆಗಳಿಂದ ಹನಿ ಉದುರುವ ಸದ್ದು, ಅಷ್ಟೇ.

ಅವನು ಹೊರಬಂದು ಅವಳ ಕೈ ಹಿಡಿದ. ಅವನ ಕೈ ಮಂಜುಗಡ್ಡೆಯಂತಿತ್ತು.

"ಇಪ್ಪತ್ತೈದು ಅಂದಿದ್ದು ನಿನ್ನ ಓಡ್ಸೋಕಲ್ಲ. ಅಷ್ಟಿದ್ರೆ ಸುಳ್ಳು ಬರೀದೆ ಇಲ್ಲಿಗೇ ಬರಬಹುದು, ನನ್ನ ಪಕ್ಕದ ಜಾಗಕ್ಕೆ. ನೆಟ್ಟಗೆ ಹೇಳೋಕೆ ಬರಲಿಲ್ಲ ನಂಗೆ."

"ಮೂರು ದಿನದಿಂದ ನನ್ನ ಕಾಫಿ ಕುಡೀತಿದ್ದೀಯಾ, ಅಷ್ಟು ಹೇಳೋಕೆ ಆಗಲಿಲ್ವಾ?" ಅವಳು ಅಳುತ್ತಲೇ ನಕ್ಕಳು. "ಇಬ್ಬರಿಗೆ ಸಾಲುತ್ತಾ ಅದು?"

"ಒಬ್ಬರು ಅಡುಗೆ ಮಾಡುವಾಗ ಇನ್ನೊಬ್ಬರು ಹಾಸಿಗೆ ಮೇಲೆ ಕಾಲು ಮಡಚಿ ಕೂತ್ಕೋಬೇಕು."

"ಜಗಳ ಆದ್ರೆ?"

"ಬಾಗಿಲು ತೆಗೆದ್ರೆ ಕಾಡು. ನಾನು ಹೊರಗೆ ಹೋಗ್ತೀನಿ."

"ಬೇಡ," ಎಂದಳು ಮಾರ್ವಾ. "ಕಾಡಿಗೆ ಮಾತ್ರ ಒಬ್ಬನೇ ಹೋಗ್ಬೇಡ."

ಸೋಮವಾರ ಅವಳು ಗಾಡಿಯನ್ನು ಹಿಂದಿರುಗಿಸಿದಳು. ಮುಂಗಡ ಹೋಯಿತು, ಸ್ನಾನದ ತೊಟ್ಟಿ ಹೋಯಿತು. ಹಾಲಿಸ್‌ಗೆ ಹೆಂಡತಿಯ ದನಿ ಮತ್ತೆಂದೂ ಕೇಳಲಿಲ್ಲ. ಆ ನಷ್ಟ ಅವನದು, ಅದನ್ನು ಯಾರೂ ತುಂಬಲಾರರು. ಅವನು ಬದುಕಿ ಉಳಿದ, ಮಾರ್ವಾಳ ಜೊತೆ.